ತೊಳೆಯದೆ ಮಡಿಸಿದ ಡೇರೆ

ಮಾವಿನಕಾಯಿಯ ತೊಟ್ಟು ಮುರಿದೊಡನೆ ಚಿಮ್ಮುವ ಸೊನೆಯ ಪರಿಚಯವಿಲ್ಲದವರು ನಮ್ಮ ವಾಚಕರಲ್ಲಿ ಇರಲಾರರು. ಪರರ ತೋಟದ ಕಾಯಿಯನ್ನು ಆತುರದಿಂದ ಕಚ್ಚಿದ ಹುಡುಗನ ತುಟಿಯಂಚಿನಲ್ಲಿ ಮಾರನೆಯ ದಿನ ಎದ್ದು ನಿಲ್ಲುವ ಕಪ್ಪು ಕಲೆಯು, ಯಾವ ಸಾಕ್ಷಿಯ ಅವಶ್ಯಕತೆಯೂ ಇಲ್ಲದೆ ಕಳ್ಳನನ್ನು ಹಿಡಿದುಕೊಡುತ್ತಿತ್ತು. ಹಲಸಿನ ಅಂಟಿಗೆ ಮೇಣವೆಂದೂ ಆಲದ ರಸಕ್ಕೆ ಹಾಲೆಂದೂ ಹೆಸರಿಟ್ಟ ನಮ್ಮ ಹಿರಿಯರು ಮಾವು ಗೇರುಗಳ ರಸಕ್ಕೆ ಸೊನೆಯೆಂದರು. ಆ ಮಾತನ್ನು ಕೇಳಿದೊಡನೆ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಈ ವಾರ ಬರೆಯಹೊರಟಿರುವುದು ಅಂತಹುದೇ ಒಂದು ಸೊನೆಯ ಸಂಗತಿ. ಆದರೆ ಅದು ಒಸರುವುದು ಇಲ್ಲಿಗೆ ಬಹು ದೂರದ ಅಮೆರಿಕದ ಅಡವಿಗಳಲ್ಲಿ.

ಅಲ್ಲಿಗೆ ಹೋಗುವ ಮುನ್ನ ಆ ಗಿಡದ ಬಂಧುಬಳಗವನ್ನು ಇಲ್ಲಿಯೇ ನೋಡಿಕೊಂಡು ಹೋಗುವುದು ಒಳಿತು. ಕರಾವಳಿಯವರ ಬಾಯಲ್ಲಿ ಗೇರೆಂದರೆ ಗೋಡಂಬಿಯ ಮರ. ಅದು 16ನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದ ಅತಿಥಿ. ಅದಕ್ಕೂ ಎಷ್ಟೋ ಹಿಂದಿನಿಂದ ನಮ್ಮ ಕಾಡಿನಲ್ಲಿದ್ದ ಗೇರು ಬೇರೆ. ಕೆಲವೆಡೆ ಕೇರು ಎನ್ನಿಸಿಕೊಳ್ಳುವ, ಸಂಸ್ಕೃತದಲ್ಲಿ ಭಲ್ಲಾತಕವೆಂಬ ಹೆಸರಿನ ಈ ಮರದ ಬೀಜದ ರಸದಿಂದಲೇ ನಮ್ಮ ಅಗಸರು ತಲೆಮಾರುಗಳ ಕಾಲ ಬಟ್ಟೆಗಳಿಗೆ ಗುರುತು ಹಾಕಿದರು. ಮಲೆನಾಡಿನ ದಟ್ಟ ಕಾಡಿನಲ್ಲಿ ಹೊಲಗೇರು ಎಂಬ ಇನ್ನೊಂದು ಮರವಿದೆ. ಸಸ್ಯಶಾಸ್ತ್ರಜ್ಞರ ಪುಸ್ತಕದಲ್ಲಿ ಅದರ ಕುಲನಾಮ 'ಹೊಲಿಗಾರ್ನ'. ಎರಡು ಮಾತುಗಳ ದನಿಯನ್ನು ಕೇಳಿದವರಿಗೆ ಬೇರೆ ವ್ಯಾಖ್ಯಾನ ಬೇಕಾಗದು. ಮಾವು, ಗೋಡಂಬಿ, ಗೇರು, ಹೊಲಗೇರು ಇವೆಲ್ಲವೂ ಒಂದೇ ಮನೆತನದವು. ಆ ಮನೆತನದ ಅಮೆರಿಕದ ಶಾಖೆಯೇ 'ಪಾಯ್ಸನ್ ಐವಿ', ಎಂದರೆ ವಿಷದ ಐವಿ ಬಳ್ಳಿ.

ವಾಸ್ತವವಾಗಿ ಅದು ಐವಿಯೇ ಅಲ್ಲ. 17ನೆಯ ಶತಮಾನದ ಆರಂಭದಲ್ಲಿ ವರ್ಜೀನಿಯದಲ್ಲಿ ನೆಲಸಹೋದ ಇಂಗ್ಲಿಷರು ತಮ್ಮ ಊರಿನ ಗೋಡೆಗಳ ಮೇಲೆ ಹಬ್ಬುತ್ತಿದ್ದ ಐವಿಯನ್ನು ನೆನೆದು ಈ ಬಳ್ಳಿಗೆ ಆ ಹೆಸರನ್ನು ಕೊಟ್ಟರು. ಕ್ಯಾಪ್ಟನ್ ಜಾನ್ ಸ್ಮಿತ್ತನ ಬರಹಗಳಲ್ಲಿಯೇ ಅದರ ಪ್ರಸ್ತಾಪವಿದೆ. ಒಂದು ತೊಟ್ಟಿಗೆ ಮೂರು ಎಲೆ, ನಡುವಣದಕ್ಕೆ ತುಸು ಉದ್ದದ ಕಾವು: ಅದೇ ಅದರ ಗುರುತು. ಮೂರೆಲೆಯನ್ನು ಕಂಡರೆ ಮುಟ್ಟದಿರು ಎಂಬ ಅರ್ಥದ ಗಾದೆಯನ್ನು ಅಲ್ಲಿಯ ಮಕ್ಕಳಿಗೆ ಎಳವೆಯಲ್ಲಿಯೇ ಕಲಿಸುತ್ತಾರೆ. ಗಾದೆಯು ಬೇಸಗೆಗೆ ಸಾಕು. ಶರತ್ಕಾಲದಲ್ಲಿ ಎಲೆಯು ಸಿಂಧೂರದಂತೆ ಕೆಂಪೇರಿ, ಬಣ್ಣದ ಎಲೆಗಳನ್ನು ಆಯಲು ಹೋದವರನ್ನು ಕರೆಯುತ್ತದೆ. ಚಳಿಗಾಲದಲ್ಲಿ ಎಲೆಯುದುರಿ, ಮರದ ಬೊಡ್ಡೆಯನ್ನು ಅಪ್ಪಿಕೊಂಡ ರೋಮಮಯವಾದ ಬೋಳು ಹಗ್ಗವಷ್ಟೇ ಉಳಿಯುತ್ತದೆ. ಆಗ ಎಣಿಸಲು ಎಲೆಯೇ ಇಲ್ಲ, ಆದರೆ ಸೊನೆಯಿದೆ. ಹಕ್ಕಿಗಳು ಇದರ ಹಣ್ಣನ್ನು ಸುಖವಾಗಿ ತಿಂದು ಬೀಜವನ್ನು ಊರೆಲ್ಲ ಬಿತ್ತುತ್ತವೆ, ಜಿಂಕೆಗಳು ಎಲೆಯನ್ನು ಮೇಯುತ್ತವೆ. ಮನುಷ್ಯನೊಬ್ಬನ ಮೇಲೆಯೇ ಅದಕ್ಕೆ ಈ ಹಗೆಯೇಕೋ! ಡ್ಯೂಕ್ ವಿಶ್ವವಿದ್ಯಾನಿಲಯದ ಅರಣ್ಯದಲ್ಲಿ ಗಾಳಿಗೆ ಹೆಚ್ಚಿನ ಇಂಗಾಲದ ಡೈ ಆಕ್ಸೈಡನ್ನು ಬೆರಸಿ ನಡೆಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಂತಹ ಗಾಳಿಯಲ್ಲಿ ಈ ಬಳ್ಳಿ ಬೇಗ ಬೆಳೆದುದಲ್ಲದೆ ಅದರ ಸೊನೆಯೂ ಹೆಚ್ಚು ತೀಕ್ಷ್ಣವಾಯಿತಂತೆ. ನಾವು ಬಿಡುವ ಹೊಗೆಯನ್ನುಂಡು ನಮ್ಮನ್ನೇ ಕಚ್ಚುವ ಬಳ್ಳಿ!

ಇನ್ನು ಪ್ರಕೃತಕ್ಕೆ ಬರೋಣ. ವರ್ಜೀನಿಯದಲ್ಲಿ ನೆಲಸಿರುವ, ಮೂಲತಃ ತೀರ್ಥಹಳ್ಳಿಯ ಕಡೆಯ ವಾಚಕಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಜೂನ್ ತಿಂಗಳಲ್ಲಿ ಅವರ ಪತಿಯೂ ಒಂಬತ್ತು ವರ್ಷದ ಮಗನೂ ಶೆನಾಂಡೋ ರಾಷ್ಟ್ರೀಯ ಉದ್ಯಾನದಲ್ಲಿ ಡೇರೆ ಹೂಡಿ ಎರಡು ರಾತ್ರಿ ಕಳೆದು ಬಂದರು. ಹಿಂತಿರುಗಿದ ಎರಡನೆಯ ದಿನ ಹುಡುಗನ ಮುಂಗೈಗಳಲ್ಲಿ ಗೀರೆಳೆದಂತೆ ಕೆಂಪು ಸಾಲುಗಳೆದ್ದವು. ಮೂರನೆಯ ದಿನಕ್ಕೆ ನೀರುಗುಳ್ಳೆಗಳು. ವೈದ್ಯರು ನೋಡಿ ಇದು ಪಾಯ್ಸನ್ ಐವಿಯೆಂದೂ, ಒಬ್ಬರಿಂದ ಒಬ್ಬರಿಗೆ ಹರಡುವುದಲ್ಲವೆಂದೂ ಹೇಳಿ ಔಷಧ ಕೊಟ್ಟರು. ಎರಡು ವಾರಗಳಲ್ಲಿ ಹುಡುಗ ಬಹುಮಟ್ಟಿಗೆ ಗುಣವಾದ. ಅಷ್ಟರಲ್ಲಿ, ಕಾಡಿನ ಮುಖವನ್ನೇ ಕಾಣದೆ ಮನೆಯಲ್ಲಿಯೇ ಇದ್ದ ಆ ತಾಯಿಯ ಎರಡು ಮಣಿಕಟ್ಟುಗಳಲ್ಲಿಯೂ ಅದೇ ಗುಳ್ಳೆಗಳು ಕಾಣಿಸಿಕೊಂಡವು.

ವೈದ್ಯರ ಮಾತು ಕಿವಿಯವರೆಗೆ ಬಂದೀತು, ಹೆದರಿದ ಮನಸ್ಸಿನವರೆಗೆ ಹೋಗಲಾರದು. 'ಹರಡದು ಎಂದರಲ್ಲ, ಮತ್ತೆ ನಿನಗೆ ಹೇಗೆ ಬಂತು?' ಎಂದು ಪತಿ ಕೇಳಿದರು. ಹುಡುಗನಿಗೆ ಬೇರೆ ಹಾಸಿಗೆ, ಬೇರೆ ತಟ್ಟೆ ಏರ್ಪಟ್ಟಿತು. ಗೆಳೆಯನ ಹುಟ್ಟುಹಬ್ಬಕ್ಕೆ ಅವನನ್ನು ಕಳುಹಿಸಲಿಲ್ಲ. ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳುತ್ತಿದ್ದ ಹುಡುಗ, ಯಾರೂ ಹೇಳದೆಯೇ ತನ್ನ ದಿಂಬನ್ನು ತೆಗೆದುಕೊಂಡು ಹೊರಟುಹೋದನಂತೆ. ಪತ್ರದಲ್ಲಿ ಈ ಸಂಗತಿಗೆ ಒಂದೇ ವಾಕ್ಯ ಮೀಸಲಾಗಿದೆ. ಓದಿದವನಿಗೆ ಆ ವಾಕ್ಯವನ್ನು ದಾಟಲು ಸ್ವಲ್ಪ ಹೊತ್ತು ಹಿಡಿಯಿತು.

ಗಂಟನ್ನು ಬಿಡಿಸಿದವರು ಆ ಅಜ್ಜಿಯೇ. ಸೊಸೆಯ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಅವರೆಂದರಂತೆ: 'ಇದು ಮಗುವಿನಿಂದ ಬಂದದ್ದಲ್ಲ ಕಣೇ. ಹೊಲಗೇರಿನ ಸೊನೆ ತಾಗಿದರೆ ಹೀಗೇ ಏಳುತ್ತೆ. ನೀನು ಏನು ಮುಟ್ಟಿದೆ, ನೆನಪು ಮಾಡ್ಕೊ.' ಸೊಸೆ ನೆನೆಸಿಕೊಂಡರು. ಎರಡು ದಿನಗಳ ಹಿಂದೆ, ಒದ್ದೆಯಾಗಿಯೇ ಸುತ್ತಿಟ್ಟಿದ್ದ ಡೇರೆಯನ್ನು ಮೂಲೆಯಿಂದ ತೆಗೆದು ಕೊಡವಿ, ಹಗ್ಗಗಳ ಸಿಕ್ಕು ಬಿಡಿಸಿ, ಮತ್ತೆ ಮಡಿಸಿಟ್ಟವರು ತಾವೇ! 'ಅತ್ತೆಯವರು ಹೇಳಿದ್ದು ಸರಿಯೇ? ಸರಿಯಾದರೆ ಮುನ್ನೂರು ಡಾಲರಿನ ಡೇರೆಯನ್ನು ಎಸೆದುಬಿಡಬೇಕೆ?' ಎಂಬುದು ಪತ್ರದ ಪ್ರಶ್ನೆ. ಕನ್ನಡದ ಮೇಷ್ಟರನ್ನು ಕೇಳಬೇಕಾದ ಪ್ರಶ್ನೆಯಲ್ಲ ನಿಜ. ಆದರೂ ತಿಳಿದವರು ಬರೆದುದನ್ನು ಓದಿ ಹೇಳುವುದು ನಮ್ಮ ವೃತ್ತಿಯೇ ಆಗಿರುವುದರಿಂದ ಉತ್ತರವನ್ನು ಬರೆಯುತ್ತೇನೆ.

ಅಜ್ಜಿ ಹೇಳಿದುದು ನೂರಕ್ಕೆ ನೂರು ಸರಿ. ಈ ಸೊನೆಯ ಸಾರವಾದ ಎಣ್ಣೆಗೆ 'ಉರುಶಿಯಾಲ್' ಎಂದು ಹೆಸರು. ಜಪಾನಿನ ಕುಶಲಕರ್ಮಿಗಳು ಪಾತ್ರೆಗಳಿಗೆ ಬಳಿಯುವ, ಇದೇ ಮನೆತನದ ಮರವೊಂದರಿಂದ ತೆಗೆಯುವ ಮೆರುಗೆಣ್ಣೆಗೆ ಅಲ್ಲಿಯ ಭಾಷೆಯಲ್ಲಿ 'ಉರುಶಿ' ಎನ್ನುತ್ತಾರೆ. ಆ ಮಾತಿನಿಂದಲೇ ಈ ಹೆಸರು ಬಂದಿತು. ಬಳ್ಳಿಯ ಎಲೆ, ಕಾಂಡ, ಬೇರು ಎಲ್ಲದರಲ್ಲಿಯೂ ಅದಿದೆ. ಎಲೆ ಜಜ್ಜಿದೊಡನೆ, ಬಳ್ಳಿ ಹರಿದೊಡನೆ ಹೊರಬೀಳುತ್ತದೆ. ಅದು ಚರ್ಮವನ್ನು ಬೆಂಕಿಯಂತೆ ಸುಡುವುದಿಲ್ಲ. ಚರ್ಮದೊಳಗೆ ಇಳಿದು ಅಲ್ಲಿಯ ಕಣಗಳಿಗೆ ಅಂಟಿಕೊಳ್ಳುತ್ತದೆ. ದೇಹವು ಆ ಕಣಗಳನ್ನು ಪರಕೀಯರೆಂದು ಬಗೆದು ತಾನೇ ಯುದ್ಧ ಹೂಡುತ್ತದೆ. ಯುದ್ಧದ ಸಿದ್ಧತೆಗೆ ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಆದುದರಿಂದ ಮುಟ್ಟಿದ್ದು ಶನಿವಾರವಾದರೆ ತುರಿಕೆ ಎದ್ದದ್ದು ಸೋಮವಾರ. ಅಷ್ಟರೊಳಗೆ ಮುಟ್ಟಿದ್ದೇ ಮರೆತುಹೋಗಿರುತ್ತದೆ, ಕಣ್ಣೆದುರಿಗೆ ಇರುವವನ ಮೇಲೆ ಅನುಮಾನ ಬೀಳುತ್ತದೆ.

ಗುಳ್ಳೆಯೊಡೆದು ಬರುವ ನೀರಿನಲ್ಲಿ ಈ ಎಣ್ಣೆಯಿಲ್ಲ. ಅದು ದೇಹದ್ದೇ ನೀರು. ಒಮ್ಮೆ ಸಾಬೂನು ಹಚ್ಚಿ ಸ್ನಾನ ಮಾಡಿದ ಹುಡುಗನನ್ನು ಎತ್ತಿಕೊಂಡರೂ ಮುದ್ದಿಸಿದರೂ, ಅವನ ತಟ್ಟೆಯಲ್ಲಿಯೇ ಉಂಡರೂ ಯಾರಿಗೂ ಏನೂ ಆಗದು. ಮೊದಲ ದಿನ ಕೈಯಲ್ಲಿ, ಮೂರನೆಯ ದಿನ ಹೊಟ್ಟೆಯ ಮೇಲೆ ಎಂಬಂತೆ ಕಂತುಕಂತಾಗಿ ಏಳುವುದನ್ನು ನೋಡಿ ರೋಗವು ಮೈಯಲ್ಲಿ ಸಂಚರಿಸುತ್ತಿದೆಯೆಂದು ಜನ ನಂಬುತ್ತಾರೆ. ತೆಳುವಾದ ಚರ್ಮದಲ್ಲಿ ಬೇಗ, ದಪ್ಪ ಚರ್ಮದಲ್ಲಿ ತಡವಾಗಿ, ಎಣ್ಣೆ ಹೆಚ್ಚು ತಾಗಿದಲ್ಲಿ ಮೊದಲು, ಕಡಮೆ ತಾಗಿದಲ್ಲಿ ಆಮೇಲೆ ಏಳುವುದೇ ಅದರ ಗುಟ್ಟು. ಹೀಗಲ್ಲದೆ ವಾರಗಳಾದ ಮೇಲೆ ಹೊಸದಾಗಿ ಎದ್ದರೆ, ಮನೆಯಲ್ಲಿ ಯಾವುದೋ ವಸ್ತುವಿನ ಮೇಲೆ ಎಣ್ಣೆ ಉಳಿದಿದೆಯೆಂದೇ ತಿಳಿಯಬೇಕು. ಅದು ಆವಿಯಾಗಿ ಹೋಗುವ ಎಣ್ಣೆಯಲ್ಲ. ಒಣಗಿದ ವಸ್ತುಗಳ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತನ್ನ ಗುಣವನ್ನು ಉಳಿಸಿಕೊಂಡಿರುತ್ತದೆ. ಉಪ್ಪಿನ ಒಂದು ಹರಳಿಗಿಂತ ಕಡಮೆ ತೂಕದ ಎಣ್ಣೆ ಬಹುಪಾಲು ಜನಕ್ಕೆ ಗುಳ್ಳೆ ಎಬ್ಬಿಸಲು ಸಾಕಂತೆ. ಹೀಗಿರಲಾಗಿ, ಮನೆಯವರು ದೂರವಿಟ್ಟದ್ದು ಹುಡುಗನನ್ನು. ನಡುಮನೆಯ ಮೂಲೆಯಲ್ಲಿ ಗೌರವದಿಂದ ಇರಿಸಿಕೊಂಡದ್ದು ಡೇರೆಯನ್ನು.

ಬಟ್ಟೆಯ ಮೇಲಿನ ಸೊನೆ ಮನುಷ್ಯನಿಗೆ ತಾಗಿದ ಪ್ರಸಿದ್ಧವಾದ ಪ್ರಸಂಗವೊಂದು ನಮ್ಮ ದೇಶದಲ್ಲಿಯೇ ನಡೆದಿದೆ. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಲ್ಲಿ ಕೆಲವರಿಗೆ ಕುತ್ತಿಗೆಯ ಹಿಂಭಾಗದಲ್ಲಿ, ಸೊಂಟದಲ್ಲಿ, ಸಣ್ಣ ಬಿಲ್ಲೆಯಷ್ಟಗಲ ತುರಿಕೆಯ ಗುಳ್ಳೆಗಳು ಏಳತೊಡಗಿದವು. ಸೈನ್ಯದ ವೈದ್ಯರು ವಿಚಾರಿಸಿ ನೋಡಲಾಗಿ ಅಂಗಿಯ ಕೊರಳಪಟ್ಟಿಯಲ್ಲಿ ಅಗಸನು ಹಾಕಿದ್ದ ಗೇರಿನ ಗುರುತು ಎಲ್ಲಿ ಮೈಗೆ ತಾಗುತ್ತಿತ್ತೋ ಅಲ್ಲಿಯೇ ಗುಳ್ಳೆ! 1943ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ 'ಧೋಬಿಯ ಗುರುತಿನ ಚರ್ಮರೋಗ'ವೆಂಬ ಹೆಸರಿನಿಂದಲೇ ಅದರ ವರದಿ ಬಂದಿತು. ಬಾಲ್ಯದಲ್ಲಿ ತಮ್ಮೂರಿನ ಐವಿ ಬಳ್ಳಿಯನ್ನು ಮುಟ್ಟಿ ಮೈ ಮುನಿದಿದ್ದವರಿಗೆ, ಸಪ್ತಸಾಗರದಾಚೆಯ ದಾಯಾದಿ ಮರದ ಗುರುತು ಸಿಕ್ಕಿದೊಡನೆ ಹಳೆಯ ಹಗೆ ನೆನಪಾಯಿತು. ಇದರ ತಿರುಗುಮುರುಗೂ ಸಾಧ್ಯವೇ. ಇಲ್ಲಿ ಗೇರಿನ ಸೊನೆಗೆ ಮೈ ಮುನಿಸಿಕೊಂಡವರು ಅಲ್ಲಿಗೆ ಹೋದರೆ ಮೊದಲನೆಯ ಸ್ಪರ್ಶದಲ್ಲಿಯೇ ಪೆಟ್ಟು ತಿನ್ನಬಹುದು. ಐವಿಯ ಪೆಟ್ಟು ತಿಂದ ಮಕ್ಕಳಿಗೆ ಮಾವಿನಹಣ್ಣನ್ನು ಸಿಪ್ಪೆ ಸಹಿತ ಚೀಪಲು ಕೊಡದೆ, ಬೇರೆಯವರು ಸಿಪ್ಪೆ ಹೆರೆದು ಕೊಡುವುದೇ ಕ್ಷೇಮವೆನ್ನುತ್ತಾರೆ.

ಅಗಸನ ಗುರುತು ಎಷ್ಟು ಒಗೆತಕ್ಕೂ ಹೋಗದು, ಹಾಗಾದರೆ ಡೇರೆಯ ಮೇಲಿನದು ಹೋದೀತೆ ಎಂದು ವಾಚಕರು ಕೇಳಬಹುದು. ಹೋಗುತ್ತದೆ. ಅಗಸನು ಗೇರಿನ ರಸಕ್ಕೆ ಸುಣ್ಣ ಸೇರಿಸಿ, ಹೋಗಬಾರದೆಂದೇ ಅದನ್ನು ನೂಲಿನೊಳಗೆ ಇಳಿಸುತ್ತಾನೆ. ಡೇರೆಗೆ ಅಂಟಿರುವುದು ಮೇಲ್ಮೈಯ ತೆಳು ಜಿಡ್ಡು. ಜಿಡ್ಡಿನ ಸ್ವಭಾವ ಅಡುಗೆಮನೆಯವರಿಗೆ ಗೊತ್ತು. ಬರಿಯ ನೀರಿಗೆ ಅದು ಜಗ್ಗದು. ಒಣಬಟ್ಟೆಯಿಂದ ಒರೆಸಿದರೆ ಒಂದು ಕಡೆಯದು ಹತ್ತು ಕಡೆ ಹರಡುತ್ತದೆ. ಹಲಸು ಬಿಡಿಸಿದ ಕೈಗೆ ಕೊಬ್ಬರಿ ಎಣ್ಣೆ ಸವರುವ ನಮ್ಮ ಕ್ರಮ ಇಲ್ಲಿ ಅರ್ಧ ಮಾತ್ರ ಸರಿ: ಎಣ್ಣೆಗೆ ಎಣ್ಣೆ ಕರಗೀತು, ಆದರೆ ಕರಗಿದ್ದನ್ನು ಹೊತ್ತು ಹೊರಗೆ ಹಾಕಬೇಕಲ್ಲ! ಆ ಕೆಲಸಕ್ಕೆ ಪಾತ್ರೆ ತೊಳೆಯುವ ಸಾಬೂನಿನ ದ್ರವ, ಧಾರಾಳವಾದ ನೀರು, ಇವೆರಡೇ ಮುಖ್ಯ. ಆಯುರ್ವೇದದವರು ಭಲ್ಲಾತಕದ ಬೀಜವನ್ನು ಶುದ್ಧಿ ಮಾಡುವಾಗ ಇಟ್ಟಿಗೆಯ ಪುಡಿಯಲ್ಲಿ ತಿಕ್ಕಿ, ಪುಡಿ ಹೀರಿದ ಎಣ್ಣೆಯನ್ನು ಬಿಸಿನೀರಿನಿಂದ ತೊಳೆದು ಚೆಲ್ಲುವುದೂ ಇದೇ ತತ್ತ್ವದಿಂದ.

ತೊಳೆಯುವವರು ದೊಡ್ಡವರಾಗಿರಲಿ, ತೋಳು ಮುಚ್ಚುವ ಹಳೆಯ ಅಂಗಿ ತೊಟ್ಟಿರಲಿ. ಕೈಗವಸಿನ ವಿಷಯದಲ್ಲಿ ಒಂದು ಎಚ್ಚರ. ವೈದ್ಯರು ಬಳಸುವ ತೆಳುವಾದ ರಬ್ಬರಿನ ಗವಸು ಇಲ್ಲಿ ನಂಬಿಕೆಗೆ ಯೋಗ್ಯವಲ್ಲ. ಈ ಎಣ್ಣೆ ರಬ್ಬರನ್ನು ತೂರಿ ಒಳಗೆ ಬರಬಲ್ಲದು. ವಿನೈಲಿನ ಗವಸು ಉತ್ತಮ. ಡೇರೆಯನ್ನು ಮನೆಯೊಳಗೆ ಬಿಚ್ಚದೆ, ಅಂಗಳದಲ್ಲಿ ಎತ್ತಿ ನಿಲ್ಲಿಸಿ, ಉಗುರುಬೆಚ್ಚನೆಯ ಸಾಬೂನುನೀರಿನಲ್ಲಿ ಸ್ಪಂಜನ್ನು ಅದ್ದಿ ಮೇಲಿನಿಂದ ಕೆಳಕ್ಕೆ ಒರೆಸಿಕೊಂಡು ಬಂದು, ಕೊಳವೆಯ ನೀರನ್ನು ಹರಿಯಬಿಡಬೇಕು. ಒಂದು ಬಕೆಟ್ಟಿನ ನೀರಿನಲ್ಲಿಯೇ ಇಡೀ ಡೇರೆಯನ್ನು ಮುಗಿಸುವ ಮಿತವ್ಯಯ ಇಲ್ಲಿ ಸಲ್ಲದು, ಸ್ಪಂಜಿನ ನೀರನ್ನು ಮತ್ತೆ ಮತ್ತೆ ಬದಲಿಸಬೇಕು. ಒಮ್ಮೆ ಮಾಡಿದ್ದನ್ನು ಇನ್ನೊಮ್ಮೆ ಮಾಡುವುದು ಲೇಸು. ಒಗೆಯುವ ಯಂತ್ರಕ್ಕೆ ಡೇರೆಯನ್ನು ತುರುಕಿದರೆ ಮಳೆಯನ್ನು ತಡೆಯುವ ಲೇಪವೂ ಹೊಲಿಗೆಯೂ ಹಾಳಾಗುತ್ತವೆ. ಕೈಯಿಂದ ತೊಳೆದರೂ ಸಾಬೂನಿನಿಂದ ಆ ಲೇಪ ಸ್ವಲ್ಪ ಸವೆಯಬಹುದು, ಆದರೆ ಹೊಸದಾಗಿ ಸಿಂಪಡಿಸಿಕೊಳ್ಳುವ ದ್ರವ ಅಂಗಡಿಯಲ್ಲಿ ದೊರೆಯುತ್ತದೆ. ಬಿಸಿಲಿಗೆ ಹಾಕಿದರೆ ವಿಷ ಸಾಯುತ್ತದೆಂದು ಕೆಲವರು ಎಣಿಸುತ್ತಾರೆ. ಬಿಸಿಲು ಬೂಷ್ಟನ್ನು ತಡೆದೀತು, ಈ ಎಣ್ಣೆಯನ್ನಲ್ಲ. ತೊಳೆದು ಬಿಸಿಲಿಗೆ ಹಾಕಬೇಕೇ ಹೊರತು ತೊಳೆಯುವ ಬದಲಿಗೆ ಅಲ್ಲ.

ಡೇರೆಯ ಬಟ್ಟೆಗಿಂತ ಅದರ ಪರಿವಾರದ ಮೇಲೆ ನನಗೆ ಹೆಚ್ಚು ಅನುಮಾನ. ನೆಲದಲ್ಲಿ ಎಲೆಗಳ ನಡುವೆ ಹೊರಳಿದವು ಗೂಟಗಳು. ಬಳ್ಳಿಯ ಮೇಲೆ ಎಳೆದಾಡಿದವು ಹಗ್ಗಗಳು. ಎಲ್ಲರ ಕೈಯೂ ತಾಗಿದ್ದು ಬಾಗಿಲ ಜಿಪ್ಪಿನ ತುದಿ. ಆ ತಾಯಿಯ ಗುಳ್ಳೆಗಳು ಮಣಿಕಟ್ಟಿನಲ್ಲಿಯೇ ಎದ್ದುದನ್ನು ನೋಡಿದರೆ, ಸಿಕ್ಕು ಬಿಡಿಸುವಾಗ ಹಗ್ಗವು ಕೈಗೆ ಸುತ್ತಿಕೊಂಡಿರಬೇಕೆಂದು ತೋರುತ್ತದೆ. ಲೋಹದ ಗೂಟ, ಕಂಬ, ಕೊಡಲಿಯ ಹಿಡಿ, ನಡಿಗೆಯ ಕೋಲು ಇವನ್ನು ಔಷಧದಂಗಡಿಯ ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಬೇಕು. ಡೇರೆಯ ಲೇಪಕ್ಕೆ ಸ್ಪಿರಿಟ್ ಹಿತವಲ್ಲ, ಅಲ್ಲಿ ಸಾಬೂನೇ ಸಾಕು. ಬೂಟಿನ ಅಡಿಯನ್ನೂ ಮೇಲನ್ನೂ ತೊಳೆಯುವವರು ಲಾಡಿಯನ್ನು ಮರೆಯುತ್ತಾರೆ, ಬೆನ್ನುಚೀಲವನ್ನು ತೊಳೆಯುವವರು ಹೆಗಲಪಟ್ಟಿಯನ್ನು. ತೊಟ್ಟ ಬಟ್ಟೆಗಳನ್ನು ಬೇರೆಯವುಗಳೊಡನೆ ಬೆರಸದೆ, ಬಿಸಿನೀರಿನಲ್ಲಿ ಸಾಬೂನು ಹಾಕಿ ಎರಡು ಸಲ ಒಗೆದು, ಬಳಿಕ ಯಂತ್ರವನ್ನೂ ಬರಿದಾಗಿ ಒಮ್ಮೆ ತಿರುಗಿಸಬೇಕು. ಕಾಡಿನಲ್ಲಿ ಹಿಡಿದುಕೊಂಡಿದ್ದ ಮೊಬೈಲು, ಮನೆಗೆ ಬರುವಾಗ ಹಿಡಿದ ಕಾರಿನ ಚಕ್ರ, ಜೊತೆಗೆ ಬಂದ ನಾಯಿಯ ರೋಮ ಇವನ್ನೂ ಪಟ್ಟಿಗೆ ಸೇರಿಸಿಕೊಳ್ಳಿರಿ. ನಾಯಿಗೆ ತುರಿಕೆ ಬರುವುದು ಅಪರೂಪ, ಅದು ಎಣ್ಣೆಯನ್ನು ಹೊತ್ತು ತರುವ ಹಮಾಲಿ ಮಾತ್ರ. ಕಡೆಗೆ ಗವಸನ್ನು ಕೈಯಲ್ಲಿರುವಾಗಲೇ ಸಾಬೂನಿನಿಂದ ತೊಳೆದು, ಒಳಹೊರಗಾಗಿ ಕಳಚಿ, ಕೈಗಳನ್ನು ಉಗುರಿನ ಸಂದುಗಳವರೆಗೆ ತೊಳೆಯಬೇಕು.

ಚರ್ಮಕ್ಕೆ ಎಣ್ಣೆ ತಾಗಿದುದು ಕೂಡಲೇ ಗೊತ್ತಾದರೆ ತೊಳೆಯಲು ಒಂದು ನಿಮಿಷವನ್ನೂ ಕಳೆಯಬಾರದು. ಹತ್ತು ನಿಮಿಷ ದಾಟಿದರೆ ಅರ್ಧದಷ್ಟು ಒಳಗಿಳಿದಿರುತ್ತದೆಂದು ಬಲ್ಲವರ ಲೆಕ್ಕ. ಇದಕ್ಕೆಂದೇ ಮಾರುವ 'ಟೆಕ್ನು' ಎಂಬ ದ್ರವದ ಹುಟ್ಟು ವಿನೋದವಾದದ್ದು. ಪರಮಾಣು ಯುದ್ಧದ ಭೀತಿ ತುಂಬಿದ್ದ 1960ರ ದಶಕದ ಆರಂಭದಲ್ಲಿ, ನೀರಿಲ್ಲದೆಯೇ ವಿಕಿರಣದ ಧೂಳನ್ನು ಮೈಯಿಂದ ತೆಗೆಯಲೆಂದು ಒಬ್ಬ ಎಂಜಿನಿಯರು ಅದನ್ನು ತಯಾರಿಸಿದ. ಬಾಂಬು ಬೀಳಲಿಲ್ಲ, ಅದು ಪಾಯ್ಸನ್ ಓಕ್ ಎಂಬ ಸೋದರಗಿಡದ ಎಣ್ಣೆಯನ್ನು ತೆಗೆಯುತ್ತದೆಂದು ಆತನ ಹೆಂಡತಿ ಕಂಡುಕೊಂಡಳು. ಗುಳ್ಳೆ ಎದ್ದ ಬಳಿಕ ಏನನ್ನು ಹಚ್ಚಬೇಕೆಂಬುದು ವೈದ್ಯರ ಮಾತು. ಮುಖ ಊದಿಕೊಂಡರೆ, ಕಣ್ಣಿನ ಬಳಿ ಎದ್ದರೆ ಅವರಲ್ಲಿಗೆ ಹೋಗುವುದಕ್ಕೆ ತಡಮಾಡಬಾರದು.

ಎಸೆಯಬೇಕೆ ಎಂಬ ಪ್ರಶ್ನೆ ಉಳಿಯಿತು. ಡೇರೆಯನ್ನು ಎಸೆಯಬೇಕಾಗಿಲ್ಲ. ನೂಲಿನ ಹಳೆಯ ಹಗ್ಗ, ಬೂಟಿನ ಲಾಡಿ, ತೊಳೆಯಲು ಬಳಸಿದ ಸ್ಪಂಜು ಇಂತಹ ಅಗ್ಗದ ವಸ್ತುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಸಕ್ಕೆ ಹಾಕಿದರಾಯಿತು. ಸುಡುವುದು ಮಾತ್ರ ಕೂಡದು. ಡೇರೆಯ ಮುಂದೆ ಬೆಂಕಿ ಹಾಕಲು ಆಯ್ದ ಕಟ್ಟಿಗೆಗೆ ಬೋಳು ಬಳ್ಳಿಯೊಂದು ಸುತ್ತಿಕೊಂಡಿದ್ದರೂ ಅದನ್ನು ಒಲೆಗೆ ಇಡಬಾರದು. ಹೊಗೆಯೊಡನೆ ಈ ಎಣ್ಣೆಯ ಕಣಗಳು ಏಳುತ್ತವೆ. ಅದನ್ನು ಉಸಿರಾಡಿದವರ ಗಂಟಲು, ಶ್ವಾಸಕೋಶಗಳು ಊದಿಕೊಂಡು ಆಸ್ಪತ್ರೆ ಸೇರಬೇಕಾದೀತು.

ಇನ್ನೊಂದು ಮಾತು, ಅಮೆರಿಕದಲ್ಲಿರುವ ನಮ್ಮವರೆಲ್ಲರಿಗೂ ಸಲ್ಲುವಂಥದು. ಡೇರೆಯೆಂಬುದು ವರ್ಷಕ್ಕೆ ಒಂದೆರಡು ಸಲ ಬೇಕಾಗುವ ವಸ್ತು. ಆದುದರಿಂದ ಸ್ನೇಹಿತರು ಒಬ್ಬರದನ್ನೊಬ್ಬರು ಕೇಳಿ ಒಯ್ಯುತ್ತಾರೆ, ಹಳೆಯದನ್ನು ಅರ್ಧಬೆಲೆಗೆ ಕೊಳ್ಳುತ್ತಾರೆ. ಹಾಗೆ ಬಂದ ಡೇರೆಯನ್ನು ಮೊದಲು ತೊಳೆದೇ ಬಳಸಬೇಕು. ಕೊಡುವವರು ಅದು ಎಲ್ಲಿಗೆ ಹೋಗಿತ್ತೆಂಬುದನ್ನು ಸಂಕೋಚವಿಲ್ಲದೆ ಹೇಳಿ ಕೊಡಬೇಕು. ನಮ್ಮ ವಾಚಕಿಯು ಇಷ್ಟನ್ನೂ ಮಾಡಿ ಮುಗಿಸಿದ ಮೇಲೆ, ಅಚ್ಚುಕಟ್ಟಾಗಿ ತೊಳೆದ ಡೇರೆಯನ್ನು ಯಾವ ಚೀಲದಲ್ಲಿ ತುಂಬುತ್ತಾರೋ ಆ ಚೀಲವನ್ನು ಒಮ್ಮೆ ಒಳಮಗ್ಗುಲಾಗಿ ತಿರುಗಿಸಿ ನೋಡಲಿ. ಕಾಡಿನಿಂದ ಬಂದ ಡೇರೆ ಎರಡು ವಾರ ಅದರೊಳಗೇ ಇತ್ತು.